ಮುಸ್ಲಿಮರ ಮನೆಯಿಲ್ಲದ ಊರಲ್ಲಿ ಅಲಾಯಿ ಹಬ್ಬ ಹೇಗೆ ನಡೆಯುತ್ತದೆ?

ಕಲಬುರಗಿ, ಯಾದಗಿರಿ ಕಡೆ ಮುಸ್ಲಿಮರ ಮನೆ ಒಂದೂ ಇಲ್ಲದ ಹಳ್ಳಿಗಳಲ್ಲೂ ಮೊಹರಂ ಹೇಗೆ ಮಾಡ್ತೀರಿ ಅಂತ ಕೇಳಿದ್ದೀರಿ. ನಾವು ಇದಕ್ಕೆ ಅಲಾಯಿ ಹಬ್ಬ ಅಂತೀವಿ; ತೆಲಂಗಾಣ ಗಡಿಯತ್ತ ಪೀರ್ಲ ಹಬ್ಬ. ಭಕ್ತಿ ಇದ್ದೇ ಇದೆ. ಆದರೆ ಹಬ್ಬ ನಿಂತಿರುವುದು ಮನೆಮನೆಗೆ ಹಂಚಿಹೋದ ಕೆಲಸದ ಮೇಲೆ.

ಚಂದ್ರ ಕಂಡ ಮೇಲೆ ಮಸೂತಿ ಮುಂದೆ ಅಲಾಯಿ ಕುಣಿ, ಅಂದರೆ ಬೆಂಕಿ ಹಾಕುವ ಗುಂಡಿ, ತೋಡುತ್ತಾರೆ. ಮೊದಲ ಗುದ್ದಲಿ ಯಾವ ಮನೆಯವರದು ಅನ್ನುವುದು ಹಿರಿಯರ ಕಾಲದಿಂದ ಗೊತ್ತು. ಕಟ್ಟಿಗೆ ಮನೆಗೊಂದು ಹೊರೆ. ಪೆಟ್ಟಿಗೆಯಲ್ಲಿದ್ದ ಪಂಜಾಗಳನ್ನು (ಹಸ್ತದ ಆಕಾರದ ಲೋಹದ ಲಾಂಛನ, ಇವನ್ನೇ ದೇವರು ಅನ್ನುವುದು) ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಿದಿರಿಗೆ ಕಟ್ಟಿ, ಬಟ್ಟೆ ಉಡಿಸಿ ದೇವರು ಕೂಡಿಸುತ್ತಾರೆ. ದೇವರು ಹಿಡಿಯುವವರು ಕುರುಬರಿರಬಹುದು, ಕಬ್ಬಲಿಗರಿರಬಹುದು, ಲಿಂಗಾಯತರಿರಬಹುದು. ಫಾತಿಹಾ (ಕುರಾನಿನ ಮೊದಲ ಅಧ್ಯಾಯದ ಪ್ರಾರ್ಥನೆ) ಓದಲು ಮಾತ್ರ ಪಕ್ಕದೂರಿನ ಮುಲ್ಲಾ ಬರಬೇಕು. ಹಿಂದೆ ಅವರಿಗೆ ಸುಗ್ಗಿಯಲ್ಲಿ ಕಣದಿಂದ ಜೋಳ ಸಲ್ಲುತ್ತಿತ್ತು, ಈಗ ಬಹಳ ಕಡೆ ರೊಕ್ಕ. ಹೆಣ್ಣುಮಕ್ಕಳದು ಚೊಂಗೆ, ಮಾಲಿದಿಯಂಥ ಸಿಹಿ ಅಡಿಗೆ. ಹರಕೆ ಹೊತ್ತವರು ಕೊರಳಿಗೆ ಲಾಡಿ (ಹರಕೆಯ ದಾರ) ಹಾಕಿಕೊಂಡು ಫಕೀರರಾಗುತ್ತಾರೆ, ಮನೆ ಮುಂದೆ ನಿಂತು ಬೇಡುತ್ತಾರೆ. ಹೊಲ ಇದ್ದವರೂ ಬೇಡಬೇಕು.

ಮೊಹರಂ ಅಲ್ಲದಿದ್ದರೂ ಬೀದರ್ ಹತ್ತಿರದ ಅಷ್ಟೂರಿನಲ್ಲೂ ಕೆಲಸ ಹೀಗೆಯೇ ಹಂಚಿದೆ. ಬಹಮನಿ ಸುಲ್ತಾನ ಅಹ್ಮದ್ ಶಾಹನ (ಆಳ್ವಿಕೆ 1422–1436) ಸಮಾಧಿಯ ಉರುಸಿಗೆ, ಅಂದರೆ ವರ್ಷದ ಜಾತ್ರೆಗೆ, ಆಳಂದ ತಾಲೂಕಿನ ಮಾಡಿಯಾಳದಿಂದ ಜಂಗಮರು ನಡೆದು ಬರುತ್ತಾರೆ. ಶಂಖ ಊದುತ್ತಾರೆ, ಕಾಯಿ ಒಡೆಯುತ್ತಾರೆ. ಮುಸ್ಲಿಮರಿಗೆ ಆ ಸುಲ್ತಾನ ವಲಿ (ಸಂತ), ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭು. ಜಂಗಮರು ಬಾರದೆ ಆ ಉರುಸಿಗೆ ಕಳೆಯಿಲ್ಲ.

ಜಗಳ ಏಳುವುದು ಬಹುತೇಕ ಹತ್ತನೇ ದಿನ, ದೇವರು ಹೊಳೆಗೆ ಹೋಗುವಾಗ. ಎರಡು ಪಂಜಾ ಭೆಟ್ಟಿಯಾಗುವ ಜಾಗದಲ್ಲಿ ಯಾರು ಮುಂದೆ, ಮೆರವಣಿಗೆ ಯಾವ ಓಣಿಯಿಂದ ಅನ್ನುವುದೇ ಮೂಲ. ಅದನ್ನು ಕುಣಿ ತೋಡುವ ಮೊದಲೇ ಹಿರಿಯರು ಕೂತು ಗಟ್ಟಿ ಮಾಡಬೇಕು. ಹಬ್ಬ ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಬೇರೆ ಹಬ್ಬಗಳಿಗೂ ತಾಗುತ್ತದೆ. 2019ರಲ್ಲಿ ಸೆಪ್ಟೆಂಬರ್ 2ಕ್ಕೆ ಚೌತಿ, 10ಕ್ಕೆ ಮೊಹರಂ. ಅಂಥ ವರ್ಷ ಗಣಪತಿ ಕಳಿಸುವ ಹೊತ್ತು, ದೇವರು ಹೊರಡುವ ಹೊತ್ತು ಎರಡನ್ನೂ ಒಂದೇ ಕೂಟದಲ್ಲಿ ಗೊತ್ತು ಮಾಡದಿದ್ದರೆ ಪೊಲೀಸರು ಬಂದು ಗೊತ್ತು ಮಾಡುತ್ತಾರೆ.

ಇನ್ನೊಂದು ಕೆಡುಕು ರೊಕ್ಕದ್ದು. ಪಟ್ಟಿ (ಚಂದಾ) ಎತ್ತಿ ಡಿಜೆ ತಂದ ಊರಲ್ಲಿ ಹಲಗೆಯವರಿಗೂ ಅಲಾಯಿ ಪದ ಹಾಡುವವರಿಗೂ ಕೆಲಸ ತಪ್ಪುತ್ತದೆ. ಮರುವರ್ಷ ಅವರು ಬರುವುದಿಲ್ಲ. ಹಲಗೆ ಬಾರಿಸಲು ಕರೆದು ಊಟಕ್ಕೆ ಬೇರೆ ಸಾಲು ಹಾಕುವ ಊರುಗಳೂ ಇವೆ. ಅಲ್ಲಿ ಹಬ್ಬ ಊರನ್ನು ಕೂಡಿಸಿದೆ ಎಂದು ನಾನು ಹೇಳಲಾರೆ.

ನೋಡಬೇಕೆಂದರೆ ಒಂಬತ್ತನೇ ರಾತ್ರಿ, ಕತಲ್ ರಾತ್ರಿಗೆ ಬನ್ನಿ. ಕಾಲು ಕಿಲೋ ಸಕ್ಕರೆ, ಊದಿನಕಡ್ಡಿ ತನ್ನಿ. ಚಪ್ಪಲಿ ಕಟ್ಟೆಯ ಕೆಳಗೇ ಬಿಟ್ಟು, ಮುಲ್ಲಾ ಕೈಯಿಂದ ಸಕ್ಕರೆ ಓದಿಸಿ. ಒಂದಿಷ್ಟು ಅಲ್ಲೇ ಉಳಿಯುತ್ತದೆ, ಮಿಕ್ಕಿದ್ದು ನಿಮ್ಮ ಕೈಗೆ ಬರುತ್ತದೆ. ಅದನ್ನು ಪಕ್ಕದಲ್ಲಿ ನಿಂತವರಿಗೆ ಹಂಚಿ.