ಮಲಗಿದಷ್ಟೂ ಸುಸ್ತು ಜಾಸ್ತಿ ಆಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ಮೇಡಂ, ನನಗೆ 46 ವರ್ಷ. ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲಾ ಮುಗಿದು ನಾಲ್ಕು ತಿಂಗಳಾಯಿತು. ಸುಸ್ತು ಮಾತ್ರ ಬಿಟ್ಟು ಹೋಗಿಲ್ಲ. ಸ್ನಾನ ಮಾಡಿ ಬಂದರೆ ತಲೆ ಬಾಚೋಕೆ ಮೊದಲು ಮಂಚದ ಮೇಲೆ ಕೂರಬೇಕು. ರಾತ್ರಿಯೆಲ್ಲ ಮಲಗಿದ್ದರೂ ಬೆಳಗ್ಗೆ ನಿದ್ದೆಯೇ ಮಾಡಿಲ್ಲ ಅನ್ನಿಸುತ್ತದೆ. ಮನೆಯವರು ‘ಟ್ರೀಟ್‌ಮೆಂಟ್ ಮುಗೀತಲ್ಲ, ಇನ್ನೇನು’ ಅಂತಾರೆ. ಈಗ ಯಾರೋ ‘ಮೈಂಡ್‌ಫುಲ್ ಮೂವ್‌ಮೆಂಟ್ ಥೆರಪಿ’ ಮಾಡಿ ಅಂದರು. ಪಾತ್ರೆ ತೊಳೆಯೋಕೇ ಆಗದವಳು ವ್ಯಾಯಾಮ ಏನು ಮಾಡಲಿ?
– ಹೆಸರು ಬೇಡ ಎಂದವರು

ಉತ್ತರ: ಈ ಪುಟವನ್ನು ಮನೆಯವರಿಗೂ ಓದೋಕೆ ಕೊಡಿ. ಕೆಲಸ ಮಾಡಿ ದಣಿದವರು ಒಂದು ಒಳ್ಳೆಯ ನಿದ್ದೆ ತೆಗೆದರೆ ಸರಿಹೋಗುತ್ತಾರೆ. ಕ್ಯಾನ್ಸರ್ ತರುವ ಸುಸ್ತು ಮಾಡಿದ ಕೆಲಸಕ್ಕೆ ತಾಳೆಯೇ ಆಗುವುದಿಲ್ಲ, ಮಲಗಿದರೆ ಹೋಗುವುದೂ ಇಲ್ಲ. ಚಿಕಿತ್ಸೆ ಮುಗಿದ ಮೇಲೂ ಕೆಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿದುಬಿಡುತ್ತದೆ. ಸೋಮಾರಿತನಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಮೊದಲು ಡಾಕ್ಟರ ಹತ್ತಿರ ಹೋಗಿ. ‘ಸ್ವಲ್ಪ ಸುಸ್ತು’ ಅಂತ ಸುಮ್ನೆ ತೇಲಿಸಿ ಹೇಳಬೇಡಿ, ಸೊನ್ನೆಯಿಂದ ಹತ್ತರ ಒಳಗೆ ಎಷ್ಟು ಅಂತ ಅಂಕಿ ಹೇಳಿ. 4 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕಾರಣ ಹುಡುಕಲೇಬೇಕು. ರಕ್ತ ಕಮ್ಮಿ ಇರಬಹುದು, ಥೈರಾಯ್ಡ್ ಏರುಪೇರಾಗಿರಬಹುದು, ನೋವಿಗೆ ನಿದ್ದೆ ಕೆಡುತ್ತಿರಬಹುದು, ಮನಸ್ಸು ಕುಗ್ಗಿರಬಹುದು, ತೆಗೆದುಕೊಳ್ಳುವ ಮಾತ್ರೆಯೇ ಕಾರಣ ಇರಬಹುದು. ಇವಕ್ಕೆಲ್ಲ ಬೇರೆ ಬೇರೆ ಮದ್ದುಂಟು. ಅದನ್ನು ಬಿಟ್ಟು ಬರೀ ಕೈಕಾಲು ಆಡಿಸುತ್ತಾ ಕೂತರೆ ಪ್ರಯೋಜನ ಅಷ್ಟಕ್ಕಷ್ಟೇ.

ಇನ್ನು ವ್ಯಾಯಾಮದ ವಿಷಯ. ಹೆಸರು ದೊಡ್ಡದು, ಮಾಡುವುದು ಚಿಕ್ಕದು. ಚಕ್ರ ಇಲ್ಲದ ಕುರ್ಚಿಯೊಂದನ್ನು ಗೋಡೆಗೆ ಒತ್ತಿ ಇಟ್ಟುಕೊಳ್ಳಿ. ಎರಡೂ ಪಾದ ನೆಲಕ್ಕೆ ಊರಿ ಕೂತು, ಯಾವ ಪಾದದ ಮೇಲೆ ಭಾರ ಜಾಸ್ತಿ ಬಿದ್ದಿದೆ ಅಂತ ಗಮನಿಸಿ, ಸರಿಮಾಡೋಕೆ ಹೋಗಬೇಡಿ. ಉಸಿರು ಎಳೆದುಕೊಳ್ಳುತ್ತಾ ಕೈಗಳನ್ನು ಮುಂದಿನಿಂದ ನಿಧಾನಕ್ಕೆ ಎತ್ತಿ. ಆಪರೇಷನ್ ಆದ ಕಡೆಯ ಕೈ ಎದೆಮಟ್ಟಕ್ಕೇ ಬಿಗಿ ಹಿಡಿದರೆ ಅಲ್ಲಿಗೇ ನಿಲ್ಲಿಸಿ, ಇನ್ನೊಂದು ಕೈ ಜೊತೆ ಪೈಪೋಟಿ ಬೇಡ. ಉಸಿರು ಬಿಡುತ್ತಾ ಇಳಿಸಿ. ಎಲ್ಲರೂ ಎಡವೋದು ಇಲ್ಲೇ, ಎತ್ತುವಾಗ ಇರುವ ಗಮನ ಇಳಿಸುವಾಗ ಇರುವುದಿಲ್ಲ, ಕೈ ದೊಪ್ಪನೆ ತೊಡೆ ಮೇಲೆ ಬೀಳುತ್ತದೆ. ಎತ್ತಿದಷ್ಟೇ ನಿಧಾನಕ್ಕೆ ಇಳಿಸಬೇಕು. ಮೂರು ಸಲ ಆದ ಮೇಲೆ ನಿಲ್ಲಿಸಿ ನೋಡಿಕೊಳ್ಳಿ. ಉಸಿರು ಏರಿದೆಯಾ? ತೋಳು ಬೆಚ್ಚಗಾಗಿದೆಯಾ, ಭಾರವಾಗಿದೆಯಾ? ನಾಲ್ಕನೇ ಸಲ ಎತ್ತಬೇಕೋ ಬೇಡವೋ ಅನ್ನೋದನ್ನು ಅದೇ ಹೇಳುತ್ತದೆ. ಈ ಗಮನ ಕೊಡೋದಕ್ಕೇ ‘ಮೈಂಡ್‌ಫುಲ್’ ಅನ್ನೋದು, ಕಣ್ಣು ಮುಚ್ಚಿ ಏನೋ ದರ್ಶನ ಆಗಬೇಕಾಗಿಲ್ಲ.

ನನ್ನ ಪ್ರಕಾರ ಇದರ ನಿಜವಾದ ಲಾಭ ಎಲ್ಲಿ ನಿಲ್ಲಿಸಬೇಕು ಅನ್ನೋದು ಗೊತ್ತಾಗೋದು. ಈ ಸುಸ್ತು ಇರುವವರು ಚೆನ್ನಾಗಿರುವ ದಿನ ಬಾಕಿ ಉಳಿದ ಕೆಲಸ ಎಲ್ಲಾ ಒಂದೇ ಏಟಿಗೆ ಮುಗಿಸೋಕೆ ಹೋಗಿ ಆಮೇಲೆ ಎರಡು ದಿನ ಹಾಸಿಗೆ ಹಿಡಿಯುತ್ತಾರೆ, ಮಲಗಿದಲ್ಲೇ ಸ್ನಾಯುಗಳು ಕರಗುತ್ತವೆ, ಆಮೇಲೆ ಚಿಕ್ಕ ಕೆಲಸವೂ ಬೆಟ್ಟದಂತೆ ಕಾಣುತ್ತದೆ. ಐದು ನಿಮಿಷದಿಂದ ಶುರು ಮಾಡಿ. ಮರುದಿನ ಸುಸ್ತು ಜಾಸ್ತಿ ಆದರೆ ಅರ್ಧಕ್ಕೆ ಇಳಿಸಿ, ಪೂರ್ತಿ ಬಿಡಬೇಡಿ. ಯಾವ ಹೊತ್ತಿಗೆ ಮೈ ಹಗುರ ಇರುತ್ತದೆ ಅಂತ ಒಂದು ವಾರ ಬರೆದಿಟ್ಟರೆ ಆ ಹೊತ್ತನ್ನೇ ಇದಕ್ಕೆ ಇಡಬಹುದು. ಆಮೇಲೆ ನಡಿಗೆ ಸೇರಿಸಿಕೊಳ್ಳಿ, ಮಾತಾಡೋಕೆ ಆಗುವಷ್ಟು, ಹಾಡೋಕೆ ಆಗದಷ್ಟು ವೇಗದಲ್ಲಿ. ವಾರಕ್ಕೆ ಮೂರು ದಿನ, ದಿನಕ್ಕೆ 30 ನಿಮಿಷ ಅಂತ ತಜ್ಞರು ಹೇಳುತ್ತಾರೆ. ಅಲ್ಲಿಗೆ ಮುಟ್ಟೋಕೆ ತಿಂಗಳುಗಳೇ ಹಿಡಿಯಲಿ ಬಿಡಿ.

ಸುಸ್ತಾದವರಿಗೆ ವ್ಯಾಯಾಮ ಅಂದರೆ ತಲೆಕೆಳಗು ಅನ್ನಿಸುತ್ತದೆ ಅಲ್ವಾ? ಆದರೆ 2017ರಲ್ಲಿ ‘ಜಾಮಾ ಆಂಕಾಲಜಿ’ ಪತ್ರಿಕೆ 113 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವರದಿ ಪ್ರಕಟಿಸಿತು, ಹನ್ನೊಂದು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಅದು. ಈ ಸುಸ್ತಿಗೆ ಔಷಧಿಗಿಂತ ವ್ಯಾಯಾಮ ಮತ್ತು ಮನಸ್ಸಿನ ಚಿಕಿತ್ಸೆಯೇ ಜಾಸ್ತಿ ಕೆಲಸ ಮಾಡಿತ್ತು.

ಪ್ರಶ್ನೆ: ಅಪ್ಪನಿಗೆ ಕೀಮೋ ನಡೆಯುತ್ತಿದೆ, ಕ್ಯಾನ್ಸರ್ ಬೆನ್ನುಮೂಳೆಗೂ ಹರಡಿದೆ. ವಿಡಿಯೋ ನೋಡಿ ಈ ವ್ಯಾಯಾಮ ನಾನೇ ಮಾಡಿಸಬಹುದಾ?
– ಮಗ

ಉತ್ತರ: ವಿಡಿಯೋ ನೋಡಿ ಬೇಡವೇ ಬೇಡ. ಡಾಕ್ಟರನ್ನು ಕೇಳಿ, ಕ್ಯಾನ್ಸರ್ ರೋಗಿಗಳನ್ನು ನೋಡಿ ಅನುಭವ ಇರುವ ಫಿಸಿಯೋ ಹತ್ತಿರ ಶುರು ಮಾಡಿಸಿ. ಮೂಳೆ ದುರ್ಬಲ ಇದ್ದಾಗ ಬಗ್ಗುವುದು, ಸೊಂಟ ತಿರುಚುವುದು ಅಪಾಯ. ಜ್ವರ ಬಂದ ದಿನ ವ್ಯಾಯಾಮ ಇಲ್ಲ, ಕೀಮೋ ಮಧ್ಯೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಆಗಲೇ ಆಸ್ಪತ್ರೆಗೆ ಫೋನ್ ಮಾಡಿ. ಪ್ಲೇಟ್‌ಲೆಟ್ ಕಮ್ಮಿ ಇದ್ದರೂ ಕೇಳಿಯೇ ಮುಂದುವರಿಯಿರಿ. ಪಾದ ಜೋಮು ಹಿಡಿದಿದ್ದರೆ ನಿಂತು ಮಾಡಿಸಬೇಡಿ, ಕೂತೇ ಆಗಲಿ. ಹೊಸದಾಗಿ ಬೆನ್ನುನೋವು, ಕಾಲಿನಲ್ಲಿ ಬಲ ಇಲ್ಲದಿರುವುದು, ಮೂತ್ರ ಹಿಡಿತ ತಪ್ಪುವುದು ಕಂಡರೆ ನಾಳೆ ನೋಡೋಣ ಅನ್ನಬೇಡಿ, ಅದೇ ಗಳಿಗೆ ಹೊರಡಿ.

ಪ್ರಶ್ನೆ: ಯೋಗ, ತಾಯ್ ಚಿ, ಚಿಗಾಂಗ್ ಇವುಗಳಲ್ಲಿ ಯಾವುದು ಒಳ್ಳೆಯದು?
– ಗೊಂದಲದಲ್ಲಿರುವ ಓದುಗ

ಉತ್ತರ: ನೀವು ನಾಳೆಯೂ ಮಾಡುವಂಥದ್ದು. ತಾಯ್ ಚಿ, ಚಿಗಾಂಗ್ ಅಂದರೆ ಉಸಿರಿನ ಜೊತೆ ನಿಧಾನಕ್ಕೆ ಮೈ ಆಡಿಸುವ ಚೀನಾದ ಪದ್ಧತಿಗಳು. ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ ‘ಆಸ್ಕೋ’ 2024ರ ಮಾರ್ಗಸೂಚಿಯಲ್ಲಿ ಚಿಕಿತ್ಸೆ ನಡೆಯುವಾಗ ತಾಯ್ ಚಿ ಅಥವಾ ಚಿಗಾಂಗ್ ಸೂಚಿಸಿದೆ, ಚಿಕಿತ್ಸೆ ಮುಗಿದ ಮೇಲೆ ಯೋಗಕ್ಕೂ ಒಪ್ಪಿಗೆ ಇದೆ. ಕಲಿಸುವವರಿಗೆ ನಿಮ್ಮ ಕಾಯಿಲೆ, ಗಾಯ, ಕೀಮೋಗಾಗಿ ಚರ್ಮದ ಕೆಳಗೆ ಕೂರಿಸಿದ ಪೋರ್ಟ್ ಎಲ್ಲಿದೆ ಅನ್ನೋದನ್ನು ಮೊದಲೇ ಹೇಳಿ. ಇದರಿಂದ ಕ್ಯಾನ್ಸರೇ ವಾಸಿಯಾಗುತ್ತದೆ, ಕೀಮೋ ಬಿಟ್ಟುಬಿಡಿ ಅನ್ನುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.