ಸಂಪಾದಕರ ಉತ್ತರ: ಶ್ರೀರಂಗಪಟ್ಟಣದ ಹುಲಿ ಇರುವ ಊರಿನಲ್ಲಿ ಒಂದು ದಿನ

ಮೈಸೂರಿನ ಓದುಗರೊಬ್ಬರ ಪತ್ರ: “ಕಳೆದ ವರ್ಷ ಇಂಗ್ಲೆಂಡಿನಲ್ಲಿರುವ ಮಗನ ಮನೆಗೆ ಹೋದಾಗ ಒಂದು ದಿನ ಲಂಡನ್ ನೋಡಿದೆವು. ನಾನು, ನಮ್ಮ ಯಜಮಾನರು, ಎಪ್ಪತ್ತೆಂಟರ ಅತ್ತೆ, ಮಗ, ಸೊಸೆ, ಆರು ವರ್ಷದ ಮೊಮ್ಮಗಳು. ಟವರ್ ಕೋಟೆ, ಟವರ್ ಬ್ರಿಡ್ಜ್, ಸೇಂಟ್ ಪಾಲ್ಸ್, ಬಕಿಂಗ್‌ಹ್ಯಾಮ್ ಅರಮನೆ, ಲಂಡನ್ ಐ, ಬ್ರಿಟಿಷ್ ಮ್ಯೂಸಿಯಂ ಎಲ್ಲವೂ ಒಂದೇ ದಿನ. ಸಂಜೆ ಅತ್ತೆ, ‘ನಾನು ನೋಡಿದ್ದು ಮೊಮ್ಮಗನ ಬೆನ್ನು ಮಾತ್ರ’ ಎಂದುಬಿಟ್ಟರು. ಬರುವ ಮೇ ತಿಂಗಳಲ್ಲಿ ಮತ್ತೆ ಹೋಗುವವರಿದ್ದೇವೆ. ಲಂಡನ್ನಿಗೆ ಸಿಗುವುದು ಈ ಸಲವೂ ಒಂದೇ ದಿನ. ಅಷ್ಟು ಖರ್ಚು ಮಾಡಿ ಹೋದಮೇಲೆ ಎಲ್ಲವನ್ನೂ ನೋಡಬೇಡವೇ ಎನ್ನುತ್ತಾರೆ ಯಜಮಾನರು. ಶ್ರೀರಂಗಪಟ್ಟಣದಲ್ಲಿ ಹುಟ್ಟಿ ಬೆಳೆದ ನಮ್ಮ ಅತ್ತೆಯಂತೂ ಪೇಟೆ ಸುತ್ತಲು ಬರುವುದೇ ಇಲ್ಲ ಎಂದು ಕೂತಿದ್ದಾರೆ. ಏನು ಮಾಡಲಿ?”

ಸೋದರಿ,

ನಿಮ್ಮ ಅತ್ತೆಯವರ ಮಾತು ನನ್ನನ್ನು ಎರಡು ದಿನ ಬಿಡಲಿಲ್ಲ. ಅವರು ಹೇಳಿದ್ದು ಸರಿ. ನೀವು ಪಟ್ಟಿ ಮಾಡಿರುವ ಜಾಗಗಳಲ್ಲಿ ಟವರ್ ಕೋಟೆಯೊಂದಕ್ಕೇ ಮೂರು ಗಂಟೆ ಬೇಕು. ಬ್ರಿಟಿಷ್ ಮ್ಯೂಸಿಯಂಗೆ ಇಡೀ ದಿನ ಕೊಟ್ಟರೂ ಸಾಲದು. ಆರು ಕಡೆ ಓಡಿದವರಿಗೆ ಉಳಿಯುವುದು ಕಾಲುನೋವು ಮತ್ತು ಫೋಟೊ.

ಆದರೆ ನಿಮ್ಮ ಪತ್ರದ ಕೊನೆಯ ಸಾಲುಗಳನ್ನು ಓದುವಾಗ ನನಗೆ ನಿಜಕ್ಕೂ ಸಂಕಟವಾಯಿತು. ಶ್ರೀರಂಗಪಟ್ಟಣದವರೊಬ್ಬರು ಲಂಡನ್ನಿಗೆ ಹೋಗಿ, ತಮ್ಮ ಊರಿನ ಹುಲಿಯನ್ನು ನೋಡದೆ ಬಂದಿದ್ದಾರಲ್ಲ!

1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸತ್ತಮೇಲೆ, ಈಸ್ಟ್ ಇಂಡಿಯಾ ಕಂಪನಿಯವರಿಗೆ ಅರಮನೆಯಲ್ಲಿ ಮರದ ಹುಲಿಯೊಂದು ಸಿಕ್ಕಿತು. ಅದನ್ನು ಹಡಗಿನಲ್ಲಿ ಸಾಗಿಸಿ, 1808ರಲ್ಲಿ ಲಂಡನ್ನಿನ ತಮ್ಮ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟರು. ಈಗ ಅದು ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಸ್ವತ್ತು. ಉದ್ದ ಸುಮಾರು 1.78 ಮೀಟರ್. ಬಣ್ಣ ಬಳಿದ ಹುಲಿ, ಅಂಗಾತ ಬಿದ್ದ ಯುರೋಪಿಯನ್ ಸಿಪಾಯಿಯ ಮೇಲೇರಿ ಗಂಟಲಿಗೆ ಬಾಯಿ ಹಾಕಿದೆ. ಹೊಟ್ಟೆಯೊಳಗೆ ಪುಟ್ಟ ಆರ್ಗನ್. ಹಿಡಿ ತಿರುಗಿಸಿದರೆ ಸಿಪಾಯಿಯ ಕೈ ಮೇಲೇಳುತ್ತಿತ್ತು, ಅವನ ನರಳಾಟವೂ ಹುಲಿಯ ಗುರುಗುಟ್ಟುವಿಕೆಯೂ ಒಟ್ಟಿಗೇ ಕೇಳುತ್ತಿದ್ದವು. ನಾನು 2022ರ ಜೂನ್‌ನಲ್ಲಿ ಅದರ ಮುಂದೆ ನಿಂತಾಗ ಮೊದಲು ಕಣ್ಣಿಗೆ ಬಿದ್ದದ್ದು ಸಿಪಾಯಿಯ ಮುಖ. ಅಗಲವಾಗಿ ತೆರೆದ ಕಣ್ಣು, ಕೆಂಪು ಕೋಟು, ತಲೆಯ ಮೇಲೆ ಕರಿ ಟೋಪಿ. ಬಣ್ಣ ಹಚ್ಚಿದವರ ಕೈ ನಮ್ಮ ಕಡೆಯದು ಎಂದು ನೋಡಿದೊಡನೆ ಅನ್ನಿಸಿತು. ಟಿಪ್ಪುವಿನ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ರಂಗನಾಥನ ಗುಡಿಯ ಹತ್ತಿರ ಬೆಳೆದ ನಿಮ್ಮ ಅತ್ತೆ ಇದನ್ನು ನೋಡಲೇಬೇಕು.

ಹೊರಡುವ ಮುನ್ನ ಮಗನಿಗೆ ಒಂದು ಕೆಲಸ ಹೇಳಿ. ಅಲ್ಲಿನ ಗ್ಯಾಲರಿಗಳ ನವೀಕರಣ ಆಗಾಗ ನಡೆಯುತ್ತದೆ. ಹುಲಿ ಪ್ರದರ್ಶನದಲ್ಲಿದೆಯೇ, ಯಾವ ಕೋಣೆಯಲ್ಲಿ ಎಂದು ಮ್ಯೂಸಿಯಂನ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಲಿ. ಪ್ರವೇಶ ಉಚಿತ. ಸಾಧ್ಯವಾದರೆ ಶುಕ್ರವಾರ ಹೋಗಿ; ಉಳಿದ ದಿನ ಸಂಜೆ 5.45ಕ್ಕೆ ಮುಚ್ಚುವ ಬಾಗಿಲು ಅಂದು ರಾತ್ರಿ 10ರವರೆಗೆ ತೆರೆದಿರುತ್ತದೆ. ನಡುವಿನ ಅಂಗಳದಲ್ಲಿ ಆಳವಿಲ್ಲದ ಕೊಳವಿದೆ, ಬಿಸಿಲಿದ್ದರೆ ಮಕ್ಕಳು ಅದರಲ್ಲಿ ಕಾಲಾಡಿಸುತ್ತಾರೆ. ಮೊಮ್ಮಗಳಿಗೆ ಒಂದು ಜೊತೆ ಬಟ್ಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಇದು ಮಧ್ಯಾಹ್ನದ ಮಾತು. ಬೆಳಿಗ್ಗೆ ಥೇಮ್ಸ್‌ನ ದಕ್ಷಿಣ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ಹೋಗಿ. ಅಲ್ಲಿ ಬಸವಣ್ಣನವರಿದ್ದಾರೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿಯವರು ಅನಾವರಣ ಮಾಡಿದ ಪುತ್ಥಳಿ. ಲಂಡನ್ನಿನ ಲ್ಯಾಂಬೆತ್ ಭಾಗದ ಮೇಯರ್ ಆಗಿದ್ದ, ಕಲಬುರಗಿ ಮೂಲದ ನೀರಜ್ ಪಾಟೀಲರು ಅದಕ್ಕಾಗಿ ದುಡಿದವರು. ನಾವು ಹೋದಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ನನ್ನ ತಾಯಿ ಒದ್ದೆ ಕಲ್ಲಿನ ಮೇಲೆ ಚಪ್ಪಲಿ ಬಿಟ್ಟು, ಕೈಮುಗಿದು, ತಮಗೆ ಬರುವ ಒಂದು ವಚನವನ್ನು ಮೆಲ್ಲಗೆ ಹೇಳಿಕೊಂಡರು. ಮೂರೂವರೆ ನಿಮಿಷವೂ ಆಗಿರಲಿಕ್ಕಿಲ್ಲ. ಆ ಪ್ರವಾಸದಲ್ಲಿ ನಾನು ನೋಡಿದ್ದರಲ್ಲೆಲ್ಲ ನನಗೆ ಹೆಚ್ಚು ನೆನಪಿರುವುದು ಅದೇ.

ಅಲ್ಲಿಂದ ನದಿಯ ಪಕ್ಕದಲ್ಲೇ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಕಡೆಗೆ ನಡೆಯಿರಿ. ಲ್ಯಾಂಬೆತ್ ಸೇತುವೆಯನ್ನು ಹತ್ತದೆ, ಇದೇ ದಡದಲ್ಲಿ ಅದನ್ನು ಹಾದು ಮುಂದೆ ಹೋದರೆ ಬಲಗಡೆ ಒಂದು ಉದ್ದನೆಯ ಗೋಡೆ, ಅದರ ತುಂಬ ಕೆಂಪು ಹೃದಯಗಳು. ಕೋವಿಡ್‌ನಲ್ಲಿ ತೀರಿಕೊಂಡ ಒಬ್ಬೊಬ್ಬರಿಗೂ ಒಂದೊಂದು. 2021ರ ಮಾರ್ಚ್‌ನಲ್ಲಿ, ತಮ್ಮವರನ್ನು ಕಳೆದುಕೊಂಡ ಕುಟುಂಬದವರು ಬಿಡಿಸಲು ಶುರುಮಾಡಿದ್ದು. ಬಿಸಿಲಿಗೆ ಬಣ್ಣ ಮಾಸಿದಾಗ ಸ್ವಯಂಸೇವಕರು ಮತ್ತೆ ತುಂಬುತ್ತಾರೆ. ನಾವು ನೋಡಿದಾಗ ಒಂದು ಹೃದಯ ಗಾಢ ಕೆಂಪು, ಪಕ್ಕದ್ದು ತಿಳಿ ಗುಲಾಬಿ. ಎದುರು ದಡದಲ್ಲೇ ಪಾರ್ಲಿಮೆಂಟ್. ಬೆಂಚುಗಳಿವೆ, ಅತ್ತೆಯವರನ್ನು ಕೂರಿಸಿ. ನೀವು ಕಟ್ಟಿಕೊಂಡು ಹೋದ ಚಪಾತಿ, ಚಟ್ನಿಪುಡಿಯನ್ನು ಅಲ್ಲೇ ಬಿಚ್ಚಿ. ಬಿಗ್ ಬೆನ್ 12 ಹೊಡೆಯುವವರೆಗೆ ಕಾದರೆ ಮೊಮ್ಮಗಳು ಎಣಿಸುತ್ತಾಳೆ. 1859ರಲ್ಲಿ ಮೊದಲ ಬಾರಿ ಮೊಳಗಿದ ಗಂಟೆ ಅದು.

ಮ್ಯೂಸಿಯಂಗೆ ಸುರಂಗ ರೈಲಿನಲ್ಲಿ ಹೋಗಬೇಡಿ. ಹಳೆಯ ನಿಲ್ದಾಣಗಳ ಮೆಟ್ಟಿಲು ಹತ್ತಿಳಿದೇ ಹಿರಿಯರು ಸೋಲುತ್ತಾರೆ. ಕೆಂಪು ಬಸ್ ಹಿಡಿಯಿರಿ. 2014ರಿಂದ ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ದೊಡ್ಡವರೆಲ್ಲರ ಬಳಿ ಬೇರೆ ಬೇರೆ ಕಾರ್ಡ್ ಇರಲಿ. ಮೊದಲ ಬಸ್ ಹತ್ತಿದ ಒಂದು ಗಂಟೆಯೊಳಗೆ ಇನ್ನೊಂದು ಬಸ್ ಹತ್ತಿದರೆ ಮತ್ತೆ ಹಣವಿಲ್ಲ. ಮೊಮ್ಮಗಳಿಗಂತೂ ಟಿಕೆಟ್ಟೇ ಇಲ್ಲ. ಅವಳು ತಾತನ ಜೊತೆ ಮೇಲಂತಸ್ತಿನ ಮುಂದಿನ ಸೀಟಿನಲ್ಲಿ ಕೂರಲಿ. ಯಜಮಾನರಿಗೆ ಅರಮನೆ, ಗೋಪುರಗಳನ್ನು ಬಿಟ್ಟೆವಲ್ಲ ಎನ್ನಿಸಿದರೆ, ಮೇ ಕೊನೆಯಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಊಟವಾದ ಮೇಲೆ ಮಗ ಅವರನ್ನು ಒಂದು ಸುತ್ತು ಕರೆದೊಯ್ಯಲಿ, ಶುಕ್ರವಾರವಾದರೆ ನೀವೂ ಅತ್ತೆಯೂ ಮ್ಯೂಸಿಯಂನ ಕೊಳದ ಬಳಿಯೇ ಕೂತಿರಿ.

ಅತ್ತೆಯವರಿಗೆ ಈ ಪತ್ರವನ್ನು ಓದಿ ಹೇಳಿ. ಲಂಡನ್ ನೋಡೋಣ ಬನ್ನಿ ಎಂದು ಕರೆಯಬೇಡಿ, ನಿಮ್ಮೂರಿನ ಹುಲಿ ನೋಡಲು ಹೋಗೋಣ ಎನ್ನಿ. ಹಿಂದಿರುಗಿದ ಮೇಲೆ, ಅದರ ಮುಂದೆ ನಿಂತು ಅವರು ಏನಂದರು ಎಂದು ನನಗೆ ತಪ್ಪದೆ ಬರೆಯಿರಿ.

— ಸಂ.