ರೆಟಿನಾದ ರಕ್ತನಾಳದ ಗಡ್ಡೆಗೆ ಬೆಳಕಿನ ಚಿಕಿತ್ಸೆ: ಒಮ್ಮೆ ಮಾಡಿಸಿದರೆ ದೃಷ್ಟಿ ಮರಳುತ್ತದೆಯೇ?

ದೃಷ್ಟಿನರಕ್ಕೆ ಅಂಟಿಕೊಂಡ ಹೆಮಾಂಜಿಯೋಬ್ಲಾಸ್ಟೋಮಾ ಎಂಬ ರಕ್ತನಾಳದ ಗಡ್ಡೆ, ಒಂದು ಸಲ ಫೋಟೋಡೈನಾಮಿಕ್ ಚಿಕಿತ್ಸೆ ಎಂಬ ಬೆಳಕಿನ ಚಿಕಿತ್ಸೆ, ಆಮೇಲೆ 5 ದಿನ ಕತ್ತಲೆ ಕೋಣೆ, ಅಲ್ಲಿಗೆ ಮುಗಿಯಿತಲ್ಲವೇ ಎಂದು ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿಕೊಂಡು ಹೋದವನು.

ಗಡ್ಡೆ ರೆಟಿನಾದ ಅಂಚಿನಲ್ಲಿದ್ದಿದ್ದರೆ ಮಾಮೂಲಿ ಲೇಸರ್‌ನಿಂದ ಸುಡುತ್ತಿದ್ದರು. ನರದ ಬುಡದಲ್ಲಿ ಸುಟ್ಟರೆ ನರಕ್ಕೇ ಪೆಟ್ಟು. ಅದಕ್ಕಾಗಿ ತೋಳಿನ ರಕ್ತನಾಳಕ್ಕೆ 10 ನಿಮಿಷ ವರ್ಟೆಪೋರ್ಫಿನ್ ಎಂಬ, ಬೆಳಕಿಗೆ ಕೆರಳುವ ಕಡುಹಸಿರು ಔಷಧ ಹರಿಸಿದರು. ಅದು ಹರಿಯುತ್ತಿರುವಾಗ ಸೊಂಟ ಹಿಡಿದಂತಾಯಿತು. ಕೆಲವರಿಗೆ ಹಾಗಾಗುತ್ತದೆ, ಸುಮ್ಮನೆ ಸಹಿಸದೆ ಹೇಳಿಬಿಡಿ. 15ನೇ ನಿಮಿಷಕ್ಕೆ ಕಣ್ಣಿಗೆ ಲೆನ್ಸ್ ಒತ್ತಿ 689 ನ್ಯಾನೋಮೀಟರ್‌ನ ಕೆಂಪು ಬೆಳಕನ್ನು 83 ಸೆಕೆಂಡ್ ಬಿಟ್ಟರು. ಬೆಳಕು ತಗುಲಿದ ಔಷಧ ಆಮ್ಲಜನಕವನ್ನು ಕೆರಳಿಸಿ ನಾಳದ ಒಳಪದರವನ್ನು ಕೆಡಿಸುತ್ತದೆ. ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಕೊಳ್ಳುತ್ತದೆ.

ನಾನು ಕೆಟ್ಟದ್ದು ಆಮೇಲೆ. ಕೆಲವೇ ದಿನಗಳಲ್ಲಿ ನೋಟ ಮೊದಲಿಗಿಂತ ಮಂಜಾಯಿತು, ಬಾಗಿಲ ಚೌಕಟ್ಟು ನಡುವೆ ಡೊಂಕಾಗಿ ಕಂಡಿತು. ಮೊದಮೊದಲು ಗಡ್ಡೆಯ ನಾಳಗಳಿಂದ ದ್ರವದ ಸೋರಿಕೆ ಹೆಚ್ಚಬಹುದು ಎಂದು ವೈದ್ಯರು ಹೇಳಿಯೇ ಇದ್ದರು. ನಾನು ಮಾತ್ರ ಚಿಕಿತ್ಸೆ ಸೋತಿತು ಎಂದು ಸಿಟ್ಟಾಗಿ ಮರುತಪಾಸಣೆ ತಪ್ಪಿಸಿದೆ. ಮುಂದೆ ಮಂಜು ತುಸು ತಿಳಿಯಾಯಿತು; ಆಗ, ವಾಸಿಯಾಯಿತಲ್ಲ ಎಂದು ತಪ್ಪಿಸಿದೆ! ಎರಡು ಸಲವೂ ನಾನು ನಂಬಿದ್ದು ಎರಡೂ ಕಣ್ಣು ತೆರೆದು ನೋಡಿದ ನೋಟವನ್ನು. ಒಂದು ಕಣ್ಣು ಚೆನ್ನಾಗಿದ್ದರೆ ಇನ್ನೊಂದರ ಕೊರತೆ ಗೊತ್ತೇ ಆಗುವುದಿಲ್ಲ. ಒಳಗೆ ದ್ರವ ನಿಂತಿದೆಯೋ ಇಲ್ಲವೋ ಎಂದು ಹೇಳುವುದು ರೆಟಿನಾದ ಪದರಗಳನ್ನು ಬೆಳಕಿನಿಂದ ಚಿತ್ರಿಸುವ ಓಸಿಟಿ ಸ್ಕ್ಯಾನ್. ಕೊನೆಗೂ ಹೋದಾಗ ಮ್ಯಾಕ್ಯುಲಾದ (ಸ್ಪಷ್ಟ ನೋಟ ಕೊಡುವ ರೆಟಿನಾದ ನಡುಭಾಗ) ಕೆಳಗೆ ದ್ರವ ಮಡುಗಟ್ಟಿತ್ತು, ಸುತ್ತ ಹಳದಿ ಕೊಬ್ಬಿನಂಶ ಕೂತಿತ್ತು. ಮತ್ತೊಂದು ಸುತ್ತಿನ ಚಿಕಿತ್ಸೆಗೆ ದ್ರವ ಒಣಗಿತು, ಸತ್ತ ಕೋಶಗಳು ಏಳಲಿಲ್ಲ. ಆ ಕಣ್ಣಿನಲ್ಲಿ ಈಗ ಎದುರಿರುವವರ ಕಿವಿ ಕಾಣುತ್ತದೆ, ಮೂಗು ಕಾಣುವುದಿಲ್ಲ.

ಆದ್ದರಿಂದ ದೃಷ್ಟಿ ಮರಳುತ್ತದೆಯೇ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಈ ಚಿಕಿತ್ಸೆ ಮಾಡಬೇಕಾದ ಕೆಲಸ ಸೋರಿಕೆ ನಿಲ್ಲಿಸುವುದು. ಅದೂ ಎಲ್ಲರಲ್ಲಿ ನಿಲ್ಲುವುದಿಲ್ಲ. 2000ದಲ್ಲಿ ಅಮೆರಿಕದಲ್ಲಿ ಈ ಔಷಧಕ್ಕೆ ಒಪ್ಪಿಗೆ ಸಿಕ್ಕಿದ್ದು ವಯಸ್ಸಾದವರ ಮ್ಯಾಕ್ಯುಲಾ ರೋಗಕ್ಕೆ. ನಮ್ಮಂಥ ಗಡ್ಡೆಗೆ ವೈದ್ಯರು ತಮ್ಮ ವಿವೇಚನೆಯಿಂದ ಬಳಸುತ್ತಾರೆ. ಒಂದೇ ಸಲಕ್ಕೆ ಮುಗಿಯುತ್ತದೆ ಎಂದು ಯಾರು ಹೇಳಿದರೂ ನಂಬಬೇಡಿ.

ಕತ್ತಲೆ ಕೋಣೆಯೂ ಬೇಡ. ನೇರ ಬಿಸಿಲು, ಹ್ಯಾಲೊಜೆನ್ ದೀಪ, ದಂತವೈದ್ಯರ ಪ್ರಖರ ದೀಪ ಇವುಗಳಿಂದ ದೂರವಿದ್ದರೆ ಸಾಕು. ಮನೆಯೊಳಗಿನ ಸಾಧಾರಣ ಬೆಳಕು ಚರ್ಮದಲ್ಲಿ ಉಳಿದ ಔಷಧವನ್ನು ನಿಷ್ಕ್ರಿಯಗೊಳಿಸುತ್ತದೆ. ಸನ್‌ಸ್ಕ್ರೀನ್ ದಂಡ, ಅದು ತಡೆಯದ, ಕಣ್ಣಿಗೆ ಕಾಣುವ ಬೆಳಕಿಗೂ ಈ ಔಷಧ ಕೆರಳುತ್ತದೆ.

ಇನ್ನೊಂದು ಮಾತು. ಇಷ್ಟುದ್ದದ ಪ್ರಶ್ನೆಯಲ್ಲಿ ವಾನ್ ಹಿಪ್ಪೆಲ್-ಲಿಂಡೌ ಕಾಯಿಲೆಯ ಹೆಸರೇ ಇಲ್ಲ. ಮೂರನೇ ಕ್ರೋಮೋಸೋಮಿನ ಒಂದು ಜೀನ್ ಕೆಟ್ಟು ಬರುವ ಕಾಯಿಲೆ ಅದು. ಇಂಥ ಗಡ್ಡೆ ಅದರ ಮೊದಲ ಸುಳಿವಾಗಿರಬಹುದು, ಮೂತ್ರಪಿಂಡ, ಮಿದುಳು, ಬೆನ್ನುಹುರಿಯಲ್ಲೂ ಗಡ್ಡೆ ಬೆಳೆಯಬಹುದು. ಚಿಕಿತ್ಸೆಯ ದಿನಾಂಕ ಗೊತ್ತಾಗುವ ಮುನ್ನವೇ ಜೀನ್ ಪರೀಕ್ಷೆಗೆ ರಕ್ತ ಕೊಡಿ. ಇದೆ ಎಂದಾದರೆ ಮಕ್ಕಳಿಗೆ ಬರುವ ಸಾಧ್ಯತೆ ಶೇ. 50, ಅವರ ಕಣ್ಣುಗಳನ್ನು ಹಸುಳೆ ವಯಸ್ಸಿನಿಂದಲೇ ನೋಡಿಸಬೇಕಾಗುತ್ತದೆ.